ಪಾಲಿನ ಲೆಕ್ಕ ಕಲಿಸಿದ ಅಲ್ ಖ್ವಾರಿಝ್ಮಿ

ಕಂಪ್ಯೂಟರ್ ಸೈನ್ಸ್ ತರಗತಿಯಲ್ಲಿ ನಾವು ಕೇಳುವ ‘ಅಲ್ಗಾರಿದಮ್’ ಎಂಬ ಪದ ಮೂಲತಃ ಒಬ್ಬ ವಿದ್ವಾಂಸರ ಹೆಸರು. ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಝ್ಮಿಯವರು ಸುಮಾರು 780ರಲ್ಲಿ ಜನಿಸಿದರು. ಖಲೀಫ ಅಲ್ ಮಾಮೂನರ ಆಳ್ವಿಕೆಯಲ್ಲಿ (813–833) ಬಗ್ದಾದಿನ ಬೈತುಲ್ ಹಿಕ್ಮಾದಲ್ಲಿ ಗಣಿತ, ಖಗೋಳ, ಭೂಗೋಳಗಳಲ್ಲಿ ಕೆಲಸ ಮಾಡಿದರು.

ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಕ್ರಮವನ್ನು ವಿವರಿಸಿ ಅವರು ಒಂದು ಗ್ರಂಥ ಬರೆದರು. ಅದರ ಅರಬಿ ಮೂಲ ಈಗ ಉಳಿದಿಲ್ಲ. 12ನೇ ಶತಮಾನದ ಲ್ಯಾಟಿನ್ ಅನುವಾದದಲ್ಲಿ ಅವರ ಹೆಸರು ‘ಅಲ್ಗೊರಿತ್ಮಿ’ ಎಂದಾಯಿತು. ಮುಂದೆ ಹಂತ ಹಂತವಾಗಿ ಲೆಕ್ಕ ಬಿಡಿಸುವ ವಿಧಾನಕ್ಕೇ ಆ ಹೆಸರು ಬಂತು.

ಅವರ ಇನ್ನೊಂದು ಗ್ರಂಥದ ಹೆಸರಿನಲ್ಲಿರುವ ‘ಅಲ್ ಜಬ್ರ್’ ಎಂಬ ಪದದಿಂದ ‘ಆಲ್ಜೀಬ್ರಾ’ ಬಂದಿದೆ. ಅದರಲ್ಲಿ ಎಕ್ಸ್, ವೈ ಚಿಹ್ನೆಗಳಿಲ್ಲ. ಎಲ್ಲವನ್ನೂ ಮಾತಿನಲ್ಲೇ ಬಿಡಿಸಿದ್ದಾರೆ. ಅದೇ ಶತಮಾನದಲ್ಲಿ ನಮ್ಮ ನಾಡಿನ ಮಹಾವೀರಾಚಾರ್ಯರು ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ಪದ್ಯದಲ್ಲೇ ಬರೆದರು. ಖ್ವಾರಿಝ್ಮಿಯವರ ಗ್ರಂಥದ ದೊಡ್ಡ ಭಾಗ ವಸಿಯ್ಯತ್ ಮತ್ತು ವಾರಸುದಾರರ ಪಾಲಿನ ಲೆಕ್ಕಕ್ಕೆ ಮೀಸಲಾಗಿದೆ. ಜನರ ದಿನನಿತ್ಯದ ಅಗತ್ಯಕ್ಕೆ ಗಣಿತ ನೆರವಾಗಬೇಕೆಂಬುದೇ ಅವರ ಉದ್ದೇಶವಾಗಿತ್ತು.

ಒಂದು ಉದಾಹರಣೆ ನೋಡೋಣ. ಕಾಪುವಿನ ಒಬ್ಬರು ತೀರಿಕೊಂಡರು. ಅಂತ್ಯಸಂಸ್ಕಾರದ ಖರ್ಚು, ಸಾಲ, ವಸಿಯ್ಯತ್ ಎಲ್ಲ ಕಳೆದು 24 ಸೆಂಟ್ಸ್ ಜಾಗ ಉಳಿದಿದೆ. ವಾರಸುದಾರರು ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು ಮಾತ್ರ. ಹೆಂಡತಿಗೆ ಎಂಟನೇ ಒಂದು ಭಾಗ, ಅಂದರೆ 3 ಸೆಂಟ್ಸ್. ಉಳಿದ 21ರಲ್ಲಿ ಮಗನಿಗೆ 14, ಮಗಳಿಗೆ 7.

ಇಂದು ಇದನ್ನು ವೆಬ್ ಪುಟದಲ್ಲೂ ಮಾಡಬಹುದು. ನಾವು ತುಂಬಿದ ವಿವರವನ್ನು ಪಿಎಚ್‌ಪಿಯಲ್ಲಿ ಬರೆದ ಪ್ರೋಗ್ರಾಂ ಪಡೆದು, ಸರ್ವರಿನಲ್ಲಿರುವ ಆಕ್ಟೇವ್‌ನಂಥ ಗಣಿತದ ಸಾಫ್ಟ್‌ವೇರನ್ನು ಚಾಲೂ ಮಾಡಿ ಅಂಕಿಗಳನ್ನು ಅದಕ್ಕೆ ಕೊಡುತ್ತದೆ. ಅದು ಕೊಟ್ಟ ಉತ್ತರವನ್ನು ಪುಟದಲ್ಲಿ ತೋರಿಸುತ್ತದೆ. ಬಂದದ್ದು ಅಂಕಿಯೇ ಎಂದು ಪಿಎಚ್‌ಪಿ ಮೊದಲೇ ಪರೀಕ್ಷಿಸಬೇಕು; ಇಲ್ಲದಿದ್ದರೆ ಕೇಡಿಗರು ಅಂಕಿಯ ಜಾಗದಲ್ಲಿ ಆಜ್ಞೆಯನ್ನೇ ತುಂಬಿ ಸರ್ವರನ್ನು ಹಾಳು ಮಾಡಬಹುದು.

ಆದರೆ ಯಾವ ಪ್ರೋಗ್ರಾಮೂ ಪರೀಕ್ಷಿಸಲಾಗದ ಒಂದು ಸಂಗತಿಯಿದೆ. ಮಗಳ ಹೆಸರನ್ನೇ ತುಂಬದೆ ಬಿಟ್ಟರೆ, ಹೆಂಡತಿಗೆ 3, ಮಗನಿಗೆ 21 ಎಂಬ ಉತ್ತರ ಬರುತ್ತದೆ. ಭಾಗಾಕಾರದಲ್ಲಿ ತಪ್ಪಿಲ್ಲ, ಆದರೂ ಅಕ್ಕನ ಹಕ್ಕು ಹೋಯಿತು.

ಸುಮಾರು 850ರಲ್ಲಿ ಖ್ವಾರಿಝ್ಮಿಯವರು ತೀರಿಕೊಂಡರು. ಲೆಕ್ಕದ ಹಂತಗಳನ್ನು ಅವರು ಬರೆದಿಟ್ಟು ಹೋದರು. ವಾರಸುದಾರರ ಹೆಸರನ್ನು ಪೂರ್ತಿ ಬರೆಯುವ ಕೆಲಸ ಮಾತ್ರ ಅಂದಿನಂತೆ ಇಂದೂ ಮನೆಯವರದೇ.