ಮದಿರೆಯ ವಿರುದ್ಧ ಒಂದು ಸಹಿ: ಐರ್ಲೆಂಡ್‌ನ ಫಾದರ್ ಮ್ಯಾಥ್ಯೂ ಜೀವನಗಾಥೆ

1838ರ ಏಪ್ರಿಲ್ 10. ಐರ್ಲೆಂಡ್‌ನ ದಕ್ಷಿಣದ ಬಂದರು ನಗರ ಕಾರ್ಕ್. ಬಡವರ ಬಡಾವಣೆಯ ಶಾಲಾ ಕೊಠಡಿಯೊಂದರಲ್ಲಿ ಸಣ್ಣದೊಂದು ಗುಂಪು ಸೇರಿತ್ತು. ಅದರ ಮುಂದೆ ನಿಂತಿದ್ದ 47 ವರ್ಷದ ಕಥೋಲಿಕ ಪಾದ್ರಿಯೊಬ್ಬರು ದೇವರ ಹೆಸರಿನಲ್ಲಿ ನೋಂದಣಿ ಪುಸ್ತಕಕ್ಕೆ ಸಹಿ ಹಾಕಿದರು. ಇನ್ನು ಮುಂದೆ ಯಾವುದೇ ಬಗೆಯ ಮದ್ಯವನ್ನು ಮುಟ್ಟುವುದಿಲ್ಲ ಎಂಬುದು ಆ ಸಹಿಯ ಅರ್ಥ. ಮರುದಿನದ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗುವಂಥ ಘಟನೆ ಅದಾಗಿರಲಿಲ್ಲ. ಆದರೆ ಐದೇ ವರ್ಷಗಳಲ್ಲಿ ಆ ಸಹಿಯ ಹಿಂದೆ ಲಕ್ಷಾಂತರ ಜನರು ಸಾಲುಗಟ್ಟಿದರು. ಐರ್ಲೆಂಡ್‌ನ ಮದ್ಯದ ಭಟ್ಟಿಗಳು ತಣ್ಣಗಾದವು.

ಆ ಪಾದ್ರಿಯೇ ಥಿಯೊಬಾಲ್ಡ್ ಮ್ಯಾಥ್ಯೂ. ಸಂಯಮದ ಅಪೊಸ್ತಲ ಎಂದು ಜಗತ್ತು ಕರೆದ ಈ ವ್ಯಕ್ತಿಯ ಬದುಕಿನಲ್ಲಿ ಅಸಾಧಾರಣ ಯಶಸ್ಸಿದೆ, ಸಾಲದ ಹೊರೆಯಿದೆ, ಕ್ಷಾಮದ ಕರಾಳ ನೆರಳಿದೆ. ಕೊನೆಗಾಲದಲ್ಲಿ ಅವರನ್ನು ಕಟಕಟೆಗೆ ತಂದು ನಿಲ್ಲಿಸಿದ ಮೌನವೊಂದೂ ಇದೆ.

ಔತಣ ಕಸಿದ ವಿದ್ಯಾಭ್ಯಾಸ

ಮ್ಯಾಥ್ಯೂ ಜನಿಸಿದ್ದು 1790ರ ಅಕ್ಟೋಬರ್ 10ರಂದು, ಟಿಪ್ಪರರಿ ಪ್ರಾಂತ್ಯದ ಗೋಲ್ಡನ್ ಸಮೀಪದ ಥಾಮಸ್‌ಟೌನ್‌ನಲ್ಲಿ. ಅವರದು ಸಾಕಷ್ಟು ಸ್ಥಿತಿವಂತ ಬಂಧುಬಳಗವುಳ್ಳ ಮನೆತನ. ಕಿಲ್ಕೆನಿಯಲ್ಲಿ ಶಾಲಾ ಶಿಕ್ಷಣ ಮುಗಿಸಿದ ಬಾಲಕ 1807ರಲ್ಲಿ ಪಾದ್ರಿಯಾಗುವ ಹಂಬಲದಿಂದ ಮೇನೂತ್‌ನ ಗುರುಮಠ ಸೇರಿದ. ಮರುವರ್ಷವೇ ಅಲ್ಲಿಂದ ಹೊರಬೀಳಬೇಕಾಯಿತು. ಕಾರಣ ಬಹಳ ಸರಳ. ನಿಯಮ ಮೀರಿ ತನ್ನ ಕೋಣೆಯಲ್ಲಿ ಗೆಳೆಯರಿಗೆ ಔತಣ ಏರ್ಪಡಿಸಿದ್ದು ಅಧಿಕಾರಿಗಳ ಗಮನಕ್ಕೆ ಬಂದಿತ್ತು. ಮುಂದೆ ಇಡೀ ದೇಶಕ್ಕೆ ಸಂಯಮ ಬೋಧಿಸಿದ ವ್ಯಕ್ತಿ ವಿದ್ಯಾರ್ಥಿ ದೆಸೆಯಲ್ಲಿ ಔತಣಕೂಟದಿಂದಾಗಿಯೇ ಗುರುಮಠ ಕಳೆದುಕೊಂಡದ್ದು ವಿಧಿಯ ವಿಚಿತ್ರ ಆಟ.

ಆದರೂ ಯುವಕ ಎದೆಗುಂದಲಿಲ್ಲ. ಬಡತನವನ್ನೇ ವ್ರತವಾಗಿಸಿಕೊಂಡ ಕಪುಚಿನ್ ಸಭೆಗೆ ಸೇರಿ 1814ರಲ್ಲಿ ಗುರುದೀಕ್ಷೆ ಪಡೆದರು. ಕಿಲ್ಕೆನಿಯಲ್ಲಿ ಅಲ್ಪಕಾಲ ಸೇವೆ ಸಲ್ಲಿಸಿ ಕಾರ್ಕ್‌ಗೆ ಬಂದರು. ಮುಂದಿನ 24 ವರ್ಷ ಕಾರ್ಕ್‌ನ ಕಿರುಗಲ್ಲಿಗಳೇ ಅವರ ಕರ್ಮಭೂಮಿಯಾದವು. ಬಡ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಹೆಣ ಹೂಳಲೂ ಹಣವಿಲ್ಲದವರನ್ನು ಕಂಡು 1830ರಲ್ಲಿ ಹಳೆಯ ಸಸ್ಯೋದ್ಯಾನವೊಂದನ್ನು ಪಡೆದು ಸೇಂಟ್ ಜೋಸೆಫ್ ಸ್ಮಶಾನವನ್ನಾಗಿ ಮಾರ್ಪಡಿಸಿದರು. 1832ರಲ್ಲಿ ಕಾಲರಾ ಅಪ್ಪಳಿಸಿದಾಗ ರೋಗಿಗಳ ನಡುವೆ ಹಗಲಿರುಳು ದುಡಿದರು. ಕಾರ್ಕ್‌ನ ಬಡವರ ಪಾಲಿಗೆ ಅವರ ಮಾತು ವೇದವಾಕ್ಯವಾಗಿತ್ತು. ಮುಂದಿನ ಆಂದೋಲನಕ್ಕೆ ಬಂಡವಾಳವಾದದ್ದು ಈ ನಂಬಿಕೆಯೇ.

ಕಾನಾ ಊರಿನ ಮದುವೆಯ ಪ್ರಶ್ನೆ

ಮದ್ಯದ ವಿಚಾರದಲ್ಲಿ ಕ್ರೈಸ್ತ ಧರ್ಮ ಒಂದೇ ಸ್ವರದಲ್ಲಿ ಮಾತನಾಡಿದ್ದು ಕಡಿಮೆ. ಕಾನಾ ಊರಿನ ಮದುವೆಯಲ್ಲಿ ಯೇಸು ನೀರನ್ನು ದ್ರಾಕ್ಷಾರಸವಾಗಿ ಮಾರ್ಪಡಿಸಿದ ಪ್ರಸಂಗ ಯೋಹಾನನ ಸುವಾರ್ತೆಯಲ್ಲಿದೆ. ಕೊನೆಯ ಭೋಜನದ ಬಟ್ಟಲಿನಲ್ಲಿದ್ದುದೂ ದ್ರಾಕ್ಷಾರಸವೇ. ಹೊಟ್ಟೆಯ ತೊಂದರೆಗಾಗಿ ಸ್ವಲ್ಪ ದ್ರಾಕ್ಷಾರಸ ಕುಡಿಯುವಂತೆ ತಿಮೊಥೇಯನಿಗೆ ಸಲಹೆ ನೀಡಿದ ಪತ್ರವೂ ಹೊಸ ಒಡಂಬಡಿಕೆಯಲ್ಲಿದೆ. ಅದೇ ಗ್ರಂಥದಲ್ಲಿ ಕುಡುಕತನಕ್ಕೆ ಕಟುವಾದ ಖಂಡನೆಯೂ ಇದೆ. ಕುಡಿಯುವುದು ಪಾಪವಲ್ಲ, ಮೈಮರೆತು ಕುಡಿಯುವುದು ಪಾಪ ಎಂಬುದು ಶತಮಾನಗಳಿಂದ ಕಥೋಲಿಕ ಧರ್ಮಸಭೆ ನಂಬಿಕೊಂಡು ಬಂದ ನಿಲುವು. ಬಲಿಪೂಜೆಗೆ ದ್ರಾಕ್ಷಿಯಿಂದ ತಯಾರಾದ ದ್ರಾಕ್ಷಾರಸ ಅನಿವಾರ್ಯ. ಹೀಗಿರುವಾಗ ಪಾದ್ರಿಯೊಬ್ಬರು ಮದ್ಯವೇ ಪಾಪ ಎನ್ನಲು ಸಾಧ್ಯವಿರಲಿಲ್ಲ.

ಪ್ರೊಟೆಸ್ಟೆಂಟರಲ್ಲೂ ಒಮ್ಮತವಿರಲಿಲ್ಲ. 1829ರಲ್ಲಿ ಬೆಲ್‌ಫಾಸ್ಟ್‌ನ ಪ್ರೆಸ್ಬಿಟೇರಿಯನ್ ಬೋಧಕ ಜಾನ್ ಎಡ್ಗರ್ ಮನೆಯಲ್ಲಿದ್ದ ವಿಸ್ಕಿಯನ್ನು ಕಿಟಕಿಯಿಂದಾಚೆ ಸುರಿದು ಆಂದೋಲನಕ್ಕೆ ನಾಂದಿ ಹಾಡಿದರು. ಆದರೆ ಅವರ ಸಮರ ವಿಸ್ಕಿಯಂಥ ಕಟುಮದ್ಯದ ವಿರುದ್ಧ ಮಾತ್ರ. ಬೈಬಲ್ ಒಪ್ಪಿದ ದ್ರಾಕ್ಷಾರಸವನ್ನೂ ಸಂಪೂರ್ಣ ತ್ಯಜಿಸಬೇಕೆಂಬ ವಾದವನ್ನು ಅವರು ಬಲವಾಗಿ ವಿರೋಧಿಸಿದರು. ಇತ್ತ ಇಂಗ್ಲೆಂಡ್‌ನ ಪ್ರೆಸ್ಟನ್ ಪಟ್ಟಣದಲ್ಲಿ ಜೋಸೆಫ್ ಲಿವ್ಸೆ ಮತ್ತು ಸಂಗಡಿಗರು 1832ರಲ್ಲಿ ಬಿಯರ್, ವೈನ್ ಸೇರಿದಂತೆ ಎಲ್ಲವನ್ನೂ ಬಿಡುವ ಪೂರ್ಣ ಪಾನತ್ಯಾಗದ ಪ್ರತಿಜ್ಞೆ ಸ್ವೀಕರಿಸಿದ್ದರು.

ಕಾರ್ಕ್‌ನಲ್ಲಿ ಈ ಹೊಸ ವಿಚಾರವನ್ನು ಹೊತ್ತು ತಿರುಗುತ್ತಿದ್ದವರು ಬೆರಳೆಣಿಕೆಯ ಪ್ರೊಟೆಸ್ಟೆಂಟರು. ಕ್ವೇಕರ್ ಪಂಥದ ವಿಲಿಯಂ ಮಾರ್ಟಿನ್ ಅವರಲ್ಲಿ ಪ್ರಮುಖರು. ನಗರದ ನಿರ್ಗತಿಕರ ಆಶ್ರಯಧಾಮದ ಆಡಳಿತ ಮಂಡಳಿಯಲ್ಲಿ ಮಾರ್ಟಿನ್ ಮತ್ತು ಮ್ಯಾಥ್ಯೂ ಇಬ್ಬರೂ ಇದ್ದರು. ಅಲ್ಲಿಗೆ ಬಂದು ಸೇರುತ್ತಿದ್ದ ದುರ್ದೈವಿಗಳಲ್ಲಿ ಎಷ್ಟೋ ಮಂದಿಯನ್ನು ಕುಡಿತವೇ ಅಲ್ಲಿಗೆ ತಳ್ಳಿತ್ತು. ಈ ಕೆಲಸಕ್ಕೆ ತಕ್ಕ ವ್ಯಕ್ತಿ ನೀವೇ ಎಂದು ಮಾರ್ಟಿನ್ ಮತ್ತೆ ಮತ್ತೆ ಒತ್ತಾಯಿಸಿದರು. ಬಹುಕಾಲ ಯೋಚಿಸಿದ ಮ್ಯಾಥ್ಯೂ ಕೊನೆಗೆ ಒಪ್ಪಿದರು.

ಧರ್ಮಶಾಸ್ತ್ರದ ತೊಡಕನ್ನು ಅವರು ಬಿಡಿಸಿಕೊಂಡ ಬಗೆ ಗಮನಾರ್ಹ. ಮದ್ಯ ಪಾಪ ಎಂದು ಅವರು ಸಾರಲಿಲ್ಲ. ಬಲಿಪೂಜೆಯ ದ್ರಾಕ್ಷಾರಸವನ್ನು ಬಿಡಲೂ ಇಲ್ಲ. ಪ್ರತಿಜ್ಞೆಯು ದೇವರಿಗೆ ಮಾಡುವ ವ್ರತವಲ್ಲ, ಒಳ್ಳೆಯ ಬದುಕಿಗಾಗಿ ಮನುಷ್ಯ ಸ್ವಇಚ್ಛೆಯಿಂದ ಕೈಗೊಳ್ಳುವ ಸಂಕಲ್ಪ ಎಂದು ವಿವರಿಸಿದರು. ವೈದ್ಯರು ಔಷಧವಾಗಿ ಸೂಚಿಸಿದರೆ ಮಾತ್ರ ವಿನಾಯಿತಿ. ಯಾವ ಮತದವರೂ ಬರಬಹುದು, ಯಾರಿಗೂ ಮತಾಂತರದ ಭಯ ಬೇಡ ಎಂಬುದು ಅವರ ನೀತಿಯಾಗಿತ್ತು.

ಜನಸಾಗರ

ಮೊದಲ ತಿಂಗಳುಗಳಲ್ಲಿ ಸಾವಿರಗಳ ಲೆಕ್ಕದಲ್ಲಿದ್ದ ಸಂಖ್ಯೆ ವರ್ಷ ತುಂಬುವ ಮೊದಲೇ ಲಕ್ಷ ದಾಟಿತು. ಪ್ರತಿಜ್ಞೆ ಸ್ವೀಕರಿಸಲು ಜನರು ದೂರದೂರದ ಊರುಗಳಿಂದ ಕಾಲ್ನಡಿಗೆಯಲ್ಲೇ ಕಾರ್ಕ್‌ಗೆ ಬರತೊಡಗಿದರು. 1839ರ ಡಿಸೆಂಬರ್‌ನಲ್ಲಿ ಮ್ಯಾಥ್ಯೂ ಲಿಮರಿಕ್‌ಗೆ ಹೋದಾಗ ಸೇರಿದ ಜನಸಾಗರವನ್ನು ನಿಯಂತ್ರಿಸಲು ಸೈನಿಕರು ಪರದಾಡಿದರು. ಬಯಲಿನಲ್ಲಿ ಸಾಲುಸಾಲಾಗಿ ಮೊಣಕಾಲೂರಿದ ಜನರು ಪ್ರತಿಜ್ಞೆಯ ಮಾತುಗಳನ್ನು ಉಚ್ಚರಿಸುವುದು, ಪಾದ್ರಿ ಅವರ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುವುದು, ಬಳಿಕ ನೆನಪಿಗಾಗಿ ಪದಕ ಮತ್ತು ಚೀಟಿ ನೀಡುವುದು. ಇದು ಊರೂರಿನ ದೃಶ್ಯವಾಯಿತು. ಅವರ ಸ್ಪರ್ಶದಿಂದ ರೋಗ ವಾಸಿಯಾಗುತ್ತದೆ ಎಂಬ ನಂಬಿಕೆಯೂ ಹಬ್ಬಿತು.

1841ರ ಜನಗಣತಿಯಂತೆ ಐರ್ಲೆಂಡ್‌ನ ಜನಸಂಖ್ಯೆ ಸುಮಾರು 82 ಲಕ್ಷ. ಅದರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಪ್ರತಿಜ್ಞೆ ಸ್ವೀಕರಿಸಿದರೆಂದು ಅಭಿಮಾನಿಗಳು ಹೇಳಿಕೊಂಡರು. ಒಬ್ಬರೇ ಎರಡು ಮೂರು ಬಾರಿ ಬಂದಿರುವ ಸಾಧ್ಯತೆ ಇರುವುದರಿಂದ ಇತಿಹಾಸಕಾರರು ಈ ಲೆಕ್ಕವನ್ನು ಪೂರ್ತಿ ನಂಬುವುದಿಲ್ಲ. ಆದರೆ ತೆರಿಗೆ ಇಲಾಖೆಯ ಅಂಕಿಅಂಶಗಳನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. 1830ರ ದಶಕದ ಕೊನೆಯಲ್ಲಿ ವರ್ಷಕ್ಕೆ ಸುಮಾರು 1 ಕೋಟಿ 20 ಲಕ್ಷ ಗ್ಯಾಲನ್‌ನಷ್ಟಿದ್ದ ತೆರಿಗೆ ತೆತ್ತ ಕಟುಮದ್ಯದ ಬಳಕೆ ಕೆಲವೇ ವರ್ಷಗಳಲ್ಲಿ 60 ಲಕ್ಷ ಗ್ಯಾಲನ್‌ಗಿಂತಲೂ ಕೆಳಕ್ಕೆ ಕುಸಿಯಿತು. ಮದ್ಯದಂಗಡಿಗೆ ಬದಲಾಗಿ ಓದುವ ಕೊಠಡಿಗಳು ತಲೆಯೆತ್ತಿದವು. ಸಂಯಮ ಸಂಘಗಳು ತಮ್ಮದೇ ವಾದ್ಯವೃಂದಗಳನ್ನು ಕಟ್ಟಿಕೊಂಡವು. ಆಂದೋಲನ 1842ರಲ್ಲಿ ಸ್ಕಾಟ್ಲೆಂಡ್‌ಗೂ 1843ರಲ್ಲಿ ಇಂಗ್ಲೆಂಡ್‌ಗೂ ಕಾಲಿಟ್ಟಿತು.

ಇದರ ಬಿಸಿ ಮ್ಯಾಥ್ಯೂ ಅವರ ಸ್ವಂತ ಮನೆತನಕ್ಕೂ ತಟ್ಟಿತು. ಅವರ ಹತ್ತಿರದ ಬಂಧುಗಳೇ ಮದ್ಯದ ಭಟ್ಟಿ ನಡೆಸುತ್ತಿದ್ದರು. ಅವರು ನಷ್ಟಕ್ಕೆ ಸಿಲುಕಿದರೂ ಮ್ಯಾಥ್ಯೂ ಹಿಂಜರಿಯಲಿಲ್ಲ.

ಸಾಲ ಮತ್ತು ಸಂಶಯ

ಬಡವರಿಂದ ಹಣ ಕೇಳಲು ಅವರಿಗೆ ಮನಸ್ಸಿರಲಿಲ್ಲ. ಪದಕಗಳನ್ನು ಎಷ್ಟೋ ಸಲ ಉಚಿತವಾಗಿ ಹಂಚಿದರು. ಪ್ರವಾಸ, ವಾದ್ಯವೃಂದ, ಓದುವ ಕೊಠಡಿ ಎಲ್ಲಕ್ಕೂ ಕೈಯಿಂದಲೇ ಖರ್ಚು ಮಾಡಿದರು. ಲೆಕ್ಕಪತ್ರ ಇಡುವುದು ಅವರಿಗೆ ಒಗ್ಗಿಬರಲಿಲ್ಲ. ಸಾಲ ಸಾವಿರಾರು ಪೌಂಡ್‌ಗೆ ಏರಿತು. ಪದಕ ತಯಾರಕರ ಬಾಕಿಗಾಗಿ ಡಬ್ಲಿನ್‌ನಲ್ಲಿ ಬಂಧನಕ್ಕೊಳಗಾಗುವ ಅವಮಾನವನ್ನೂ ಅನುಭವಿಸಬೇಕಾಯಿತು. ಹಿತೈಷಿಗಳು ನಿಧಿ ಸಂಗ್ರಹಿಸಿ ನೆರವಾದರೂ ಸಾಲದ ನೆರಳು ಕೊನೆಯವರೆಗೂ ಬಿಡಲಿಲ್ಲ. 1847ರಲ್ಲಿ ಬ್ರಿಟಿಷ್ ಸರ್ಕಾರ ಮಂಜೂರು ಮಾಡಿದ ವಾರ್ಷಿಕ 300 ಪೌಂಡ್ ಪಿಂಚಣಿಯೂ ಸಾಲದ ಬಾಬತ್ತಿಗೇ ಹೋಯಿತು.

ಧರ್ಮಸಭೆಯೊಳಗೂ ಅಪಸ್ವರಗಳಿದ್ದವು. ಟೂಯಮ್‌ನ ಮಹಾಧರ್ಮಾಧ್ಯಕ್ಷ ಜಾನ್ ಮೆಕ್‌ಹೇಲ್ ಅವರ ವಿರೋಧ ಬಹಿರಂಗವಾಗಿತ್ತು. ಪ್ರೊಟೆಸ್ಟೆಂಟರೊಂದಿಗಿನ ಒಡನಾಟ ಕೆಲವರ ಕಣ್ಣು ಕುಕ್ಕಿತು. ಧರ್ಮಸಭೆ ಕೇಳದ ತ್ಯಾಗವನ್ನು ಭಕ್ತರಿಂದ ಕೇಳುವುದೇಕೆ ಎಂಬ ಪ್ರಶ್ನೆಯೂ ಎದ್ದಿತು. 1847ರಲ್ಲಿ ಕಾರ್ಕ್‌ನ ಧರ್ಮಾಧ್ಯಕ್ಷ ಸ್ಥಾನ ತೆರವಾದಾಗ ಸ್ಥಳೀಯ ಪಾದ್ರಿಗಳು ಮ್ಯಾಥ್ಯೂ ಹೆಸರನ್ನೇ ಮೊದಲು ಸೂಚಿಸಿದರು. ರೋಮ್ ಮಾತ್ರ ವಿಲಿಯಂ ಡೆಲಾನಿ ಅವರನ್ನು ನೇಮಿಸಿತು.

ರಾಜಕೀಯವೂ ಬೆನ್ನುಬಿಡಲಿಲ್ಲ. ಬ್ರಿಟನ್‌ನೊಂದಿಗಿನ ಒಕ್ಕೂಟದ ರದ್ದತಿಗೆ ಹೋರಾಡುತ್ತಿದ್ದ ಡೇನಿಯಲ್ ಓಕಾನೆಲ್ ಅವರ ಬೃಹತ್ ಸಭೆಗಳಲ್ಲಿ ಸಂಯಮ ಸಂಘಗಳ ವಾದ್ಯವೃಂದಗಳು ನುಡಿಸತೊಡಗಿದವು. ರಾಜಕೀಯದಿಂದ ದೂರವಿರಬಯಸಿದ್ದ ಮ್ಯಾಥ್ಯೂಗೆ ಇದು ನುಂಗಲಾರದ ತುತ್ತಾಯಿತು.

ಕ್ಷಾಮದ ಹೊಡೆತ

1845ರಲ್ಲಿ ಆಲೂಗೆಡ್ಡೆ ಬೆಳೆಗೆ ರೋಗ ತಗುಲಿತು. 1846ರ ಜುಲೈ ಕೊನೆಯಲ್ಲಿ ಕಾರ್ಕ್‌ನಿಂದ ಡಬ್ಲಿನ್‌ಗೆ ಹೊರಟ ಮ್ಯಾಥ್ಯೂ ದಾರಿಯುದ್ದಕ್ಕೂ ಸೊಂಪಾಗಿ ಹೂಬಿಟ್ಟ ಹೊಲಗಳನ್ನು ಕಂಡರು. ಒಂದೇ ವಾರದಲ್ಲಿ ಮರಳುವಾಗ ಅದೇ ಹೊಲಗಳು ಕೊಳೆತು ನಿಂತಿದ್ದವು. ಬೇಲಿಗಳ ಮೇಲೆ ಕುಳಿತು ಕೈ ಹಿಸುಕಿಕೊಳ್ಳುತ್ತ ರೋದಿಸುತ್ತಿದ್ದ ರೈತರ ಚಿತ್ರವನ್ನು ಅವರು ಬ್ರಿಟಿಷ್ ಖಜಾನೆಯ ಅಧಿಕಾರಿ ಚಾರ್ಲ್ಸ್ ಟ್ರೆವೆಲಿಯನ್‌ಗೆ ಬರೆದು ತಿಳಿಸಿದರು. ಆ ಮಹಾಕ್ಷಾಮ ಸುಮಾರು 10 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. ಅಷ್ಟೇ ಮಂದಿ ಅಥವಾ ಅದಕ್ಕಿಂತಲೂ ಹೆಚ್ಚು ಜನರು ದೇಶ ಬಿಟ್ಟು ಹೋದರು.

ಮ್ಯಾಥ್ಯೂ ಪ್ರತಿಜ್ಞೆಯ ಕೆಲಸ ಬದಿಗಿಟ್ಟು ಗಂಜಿ ಕೇಂದ್ರ ತೆರೆದರು. ಹಸಿವಿನಿಂದ ಸಾಯುವವನಿಗೆ ಸಂಯಮ ಬೋಧಿಸುವುದರಲ್ಲಿ ಅರ್ಥವಿರಲಿಲ್ಲ. ಸಂಘಗಳು ಸದಸ್ಯರನ್ನು ಕಳೆದುಕೊಂಡವು, ಓದುವ ಕೊಠಡಿಗಳು ಬಾಗಿಲು ಮುಚ್ಚಿದವು. ಒಬ್ಬ ವ್ಯಕ್ತಿಯ ಮೇಲಿನ ಭಕ್ತಿಯನ್ನೇ ನೆಚ್ಚಿ ಬೆಳೆದಿದ್ದ ಆಂದೋಲನಕ್ಕೆ ಗಟ್ಟಿಯಾದ ಸಂಘಟನೆಯ ಬೇರು ಇರಲಿಲ್ಲ. 1848ರಲ್ಲಿ ಮ್ಯಾಥ್ಯೂ ಸ್ವತಃ ಪಾರ್ಶ್ವವಾಯುವಿಗೆ ತುತ್ತಾದರು.

ಅಮೆರಿಕದಲ್ಲಿ ಮೌನ

ಚೇತರಿಸಿಕೊಂಡ ಅವರು 1849ರ ಜುಲೈನಲ್ಲಿ ನ್ಯೂಯಾರ್ಕ್ ತಲುಪಿದರು. ಕ್ಷಾಮದಿಂದ ಪಾರಾಗಿ ಬಂದಿದ್ದ ಐರಿಷ್ ವಲಸಿಗರು ಅಲ್ಲಿ ದೇವರಂತೆ ಸ್ವಾಗತಿಸಿದರು. ಅಧ್ಯಕ್ಷ ಝಕಾರಿ ಟೇಲರ್ ಶ್ವೇತಭವನದಲ್ಲಿ ಭೋಜನಕ್ಕೆ ಆಹ್ವಾನಿಸಿದರು. ಸೆನೆಟ್ ಸಭಾಂಗಣದೊಳಗೆ ಆಸನ ನೀಡಿ ಗೌರವಿಸಿತು. ಆದರೆ ಅದಕ್ಕೂ ಮುನ್ನ ಅಲ್ಲಿ ಕಾವೇರಿದ ಚರ್ಚೆ ನಡೆಯಿತು.

ಅದರ ಮೂಲ ಅದೇ ದಶಕದ ಆರಂಭದಲ್ಲಿತ್ತು. ಅಮೆರಿಕದ ಐರಿಷರು ಗುಲಾಮಗಿರಿಯನ್ನು ವಿರೋಧಿಸಬೇಕೆಂದು ಕೋರಿದ ಮನವಿಯೊಂದಕ್ಕೆ ಓಕಾನೆಲ್ ಜತೆ ಮ್ಯಾಥ್ಯೂ ಕೂಡ ಸಹಿ ಹಾಕಿದ್ದರು. ದಕ್ಷಿಣದ ಸೆನೆಟರುಗಳು ಅದನ್ನೇ ಎತ್ತಿ ಆಕ್ಷೇಪಿಸಿದರು. ಇನ್ನೊಂದೆಡೆ ಬಾಸ್ಟನ್‌ನಲ್ಲಿ ಗುಲಾಮಗಿರಿ ವಿರೋಧಿ ನಾಯಕ ವಿಲಿಯಂ ಲಾಯ್ಡ್ ಗ್ಯಾರಿಸನ್ ಆ ಸಹಿಯನ್ನು ನೆನಪಿಸಿ ಬೆಂಬಲ ಕೋರಿದರು. ಮ್ಯಾಥ್ಯೂ ಒಪ್ಪಲಿಲ್ಲ. ತಾವು ಬಂದಿರುವುದು ಕುಡಿತದ ದಾಸ್ಯ ಬಿಡಿಸಲು ಮಾತ್ರ ಎಂಬುದು ಅವರ ನಿಲುವಾಗಿತ್ತು. ಬಾಯಿ ತೆರೆದರೆ ದಕ್ಷಿಣದ ರಾಜ್ಯಗಳ ಬಾಗಿಲು ಮುಚ್ಚುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಈ ಮೌನದಿಂದ ನೊಂದವರಲ್ಲಿ ಫ್ರೆಡರಿಕ್ ಡಗ್ಲಾಸ್ ಒಬ್ಬರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಹೋರಾಟಗಾರನಾದ ಡಗ್ಲಾಸ್ 1845ರಲ್ಲಿ ಕಾರ್ಕ್‌ಗೆ ಹೋಗಿದ್ದಾಗ ಇದೇ ಪಾದ್ರಿಯ ಕೈಯಿಂದ ಪಾನತ್ಯಾಗದ ಪ್ರತಿಜ್ಞೆ ಸ್ವೀಕರಿಸಿದ್ದರು. ವರ್ಣಭೇದವಿಲ್ಲದೆ ಅಂದು ತಮ್ಮನ್ನು ಬರಮಾಡಿಕೊಂಡ ವ್ಯಕ್ತಿಯೇ ಅಮೆರಿಕದ ನೆಲದಲ್ಲಿ ಮೌನಿಯಾದದ್ದು ಅವರಿಗೆ ದೊಡ್ಡ ಆಘಾತವಾಯಿತು. ಸುಮಾರು ಎರಡೂವರೆ ವರ್ಷಗಳಲ್ಲಿ ಮ್ಯಾಥ್ಯೂ 25 ರಾಜ್ಯಗಳನ್ನು ಸುತ್ತಿ ಲಕ್ಷಾಂತರ ಜನರಿಗೆ ಪ್ರತಿಜ್ಞೆ ಬೋಧಿಸಿದರು. ಆದರೆ ಆ ಮೌನದ ಕಲೆ ಅಳಿಸಲಿಲ್ಲ.

ಕೊನೆಯ ದಿನಗಳು

1851ರ ಕೊನೆಯಲ್ಲಿ ಸ್ವದೇಶಕ್ಕೆ ಮರಳಿದ ಮ್ಯಾಥ್ಯೂ ಮರುವರ್ಷ ಮತ್ತೆ ಪಾರ್ಶ್ವವಾಯುವಿಗೆ ಸಿಲುಕಿದರು. ಆರೋಗ್ಯಕ್ಕಾಗಿ ಮಡೀರಾ ದ್ವೀಪದಲ್ಲಿ ಕೆಲಕಾಲ ತಂಗಿದರೂ ಫಲ ಕಾಣಲಿಲ್ಲ. 1856ರ ಡಿಸೆಂಬರ್ 8ರಂದು, ಇಂದು ಕೋವ್ ಎನ್ನಲಾಗುವ ಅಂದಿನ ಕ್ವೀನ್ಸ್‌ಟೌನ್‌ನಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ 66 ವರ್ಷ. ಬಡವರಿಗಾಗಿ ತಾವೇ ನಿರ್ಮಿಸಿದ್ದ ಸೇಂಟ್ ಜೋಸೆಫ್ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಲಾಯಿತು.

ಅವರು ಎತ್ತಿದ ಪ್ರಶ್ನೆ ಅಲ್ಲಿಗೇ ನಿಲ್ಲಲಿಲ್ಲ. 1869ರಲ್ಲಿ ಅಮೆರಿಕದ ನ್ಯೂಜೆರ್ಸಿಯ ದಂತವೈದ್ಯ, ಮೆಥಡಿಸ್ಟ್ ಪಂಥದ ಥಾಮಸ್ ಬ್ರಾಮ್‌ವೆಲ್ ವೆಲ್ಚ್ ದ್ರಾಕ್ಷಿರಸವನ್ನು ಕಾಯಿಸಿ ಹುಳಿಯದಂತೆ ಮಾಡುವ ವಿಧಾನ ಕಂಡುಕೊಂಡರು. ಪ್ರಭುಭೋಜನದ ಬಟ್ಟಲಿನಲ್ಲೂ ಮದ್ಯಾಂಶ ಇರಬಾರದು ಎಂಬುದು ಅವರ ಉದ್ದೇಶ. ಮುಂದೆ ಅನೇಕ ಪ್ರೊಟೆಸ್ಟೆಂಟ್ ಸಭೆಗಳು ಆ ದಾರಿ ಹಿಡಿದವು. ಕಥೋಲಿಕ ಧರ್ಮಸಭೆ ದ್ರಾಕ್ಷಾರಸವನ್ನೇ ಉಳಿಸಿಕೊಂಡಿತು. ಐರ್ಲೆಂಡ್‌ನಲ್ಲಿ 1898ರಲ್ಲಿ ಜೆಸ್ವಿಟ್ ಪಾದ್ರಿ ಜೇಮ್ಸ್ ಕಲೆನ್ ಪಯೊನೀರ್ ಸಂಘ ಸ್ಥಾಪಿಸಿದಾಗ ಜನಜಾತ್ರೆಗಿಂತ ಸದಸ್ಯರ ಶಿಸ್ತಿಗೇ ಒತ್ತು ನೀಡಿದರು. ಮ್ಯಾಥ್ಯೂ ಆಂದೋಲನದ ಸೋಲಿನಿಂದ ಕಲಿತ ಪಾಠ ಅದಾಗಿತ್ತು.

ಕಾರ್ಕ್‌ನ ಸೇಂಟ್ ಪ್ಯಾಟ್ರಿಕ್ ರಸ್ತೆಯಲ್ಲಿ ಶಿಲ್ಪಿ ಜಾನ್ ಹೆನ್ರಿ ಫೋಲಿ ರೂಪಿಸಿದ ಮ್ಯಾಥ್ಯೂ ಪ್ರತಿಮೆ 1864ರ ಅಕ್ಟೋಬರ್ 10ರಂದು, ಅವರ ಜನ್ಮದಿನದಂದೇ ಅನಾವರಣಗೊಂಡಿತು. ಡಬ್ಲಿನ್‌ನಲ್ಲೂ 1893ರಲ್ಲಿ ಪ್ರತಿಮೆ ಎದ್ದಿತು. ಮದ್ಯಪಾನವನ್ನು ಐರ್ಲೆಂಡ್ ಕೈಬಿಡಲಿಲ್ಲ ನಿಜ. ಆದರೆ ಕಾನೂನಿನ ಬಲವಿಲ್ಲದೆ, ದಂಡದ ಭಯವಿಲ್ಲದೆ, ಪಾಪದ ಬೆದರಿಕೆಯನ್ನೂ ಒಡ್ಡದೆ ಒಂದು ದೇಶ ಕೆಲವು ವರ್ಷವಾದರೂ ಬಟ್ಟಲನ್ನು ಕೆಳಗಿಟ್ಟಿತ್ತು. ಅದನ್ನು ಸಾಧ್ಯವಾಗಿಸಿದ್ದು ಬಡವರ ಕಷ್ಟಕ್ಕೆ 24 ವರ್ಷ ಹೆಗಲು ಕೊಟ್ಟ ಒಬ್ಬ ಪಾದ್ರಿಯ ಮೇಲಿನ ವಿಶ್ವಾಸ.