ಮಂತ್ರಾಲಯಕ್ಕೆ ಜಾಗ ಕೊಟ್ಟ ಹಬ್ಶಿ ನವಾಬ: ಆದವಾನಿಯ ಸಿದ್ದಿ ಮಸೂದ್ ಖಾನ್

ಬಳ್ಳಾರಿಯಿಂದ ಮಂತ್ರಾಲಯಕ್ಕೆ ಹೋಗುವ ದಾರಿಯಲ್ಲಿ ಹಗರಿ ಹೊಳೆ ದಾಟಿದ ಮೇಲೆ ಆಲೂರು ಸಿಗುತ್ತದೆ. ಎರಡೂ ಕಡೆ ಎರೆಭೂಮಿ, ಹತ್ತಿ ಹೊಲ. ಆಲೂರು ಈಗ ಆಂಧ್ರದ ಕರ್ನೂಲು ಜಿಲ್ಲೆಗೆ ಸೇರಿದ್ದು. ಆದರೆ 1953ರ ತನಕ ಆಲೂರು, ಆದವಾನಿ ತಾಲೂಕುಗಳೆರಡೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಅಲ್ಲಿನ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮಾತಾಡುವವರು ಇದ್ದಾರೆ. ಆಲೂರು ಬಿಟ್ಟು ಮುಂದೆ ಹೋದರೆ ಕಲ್ಲುಗುಡ್ಡಗಳ ಮೇಲೆ ಒಂದು ದೊಡ್ಡ ಕೋಟೆ ಕಾಣುತ್ತದೆ. ಅದೇ ಆದವಾನಿ. ಸುಮಾರು ಮುನ್ನೂರ ಅರವತ್ತು ವರ್ಷಗಳ ಹಿಂದೆ ಈ ಕೋಟೆಯಲ್ಲಿ ಕೂತು ಸುತ್ತಲಿನ ಸೀಮೆಯನ್ನು ಆಳಿದವರು ಸಿದ್ದಿ ಮಸೂದ್ ಖಾನ್.

ಹೆಸರು ಹೇಳಿದರೆ ಹೆಚ್ಚಿನವರಿಗೆ ಗೊತ್ತಾಗಲಿಕ್ಕಿಲ್ಲ. ಆದರೆ ರಾಘವೇಂದ್ರ ಸ್ವಾಮಿಗಳ ಕಥೆಯಲ್ಲಿ ಬರುವ ಆದವಾನಿಯ ನವಾಬ ಅಂದರೆ ಕನ್ನಡ ನಾಡಿನಲ್ಲಿ ಗೊತ್ತಿಲ್ಲದವರು ಕಡಿಮೆ. ಆ ನವಾಬ ಇವರೇ. ಇವರು ಹಬ್ಶಿ ಮೂಲದವರು, ಅಂದರೆ ಆಫ್ರಿಕಾದ ಕರಿಯ ಜನಾಂಗದವರು ಎಂಬುದು ಮಾತ್ರ ಎಷ್ಟೋ ಮಂದಿಗೆ ಗೊತ್ತೇ ಇಲ್ಲ.

ಹಬಶಾ ಅಂದರೆ ಇಂದಿನ ಇಥಿಯೋಪಿಯಾ ಮತ್ತು ಅದರ ಸುತ್ತಲಿನ ನಾಡು. ಅಲ್ಲಿಂದ ಚಿಕ್ಕ ಮಕ್ಕಳನ್ನು, ಯುವಕರನ್ನು ಹಿಡಿದು ಗುಲಾಮರನ್ನಾಗಿ ಮಾಡಿ ಕೆಂಪು ಸಮುದ್ರ ದಾಟಿಸಿ ಮಾರುತ್ತಿದ್ದರು. ನಮ್ಮ ಕರಾವಳಿಯಿಂದ ಅಕ್ಕಿ, ಕಾಳುಮೆಣಸು ಹೊತ್ತು ಹಡಗುಗಳು ಓಡಾಡಿದ ಅದೇ ಅರಬ್ಬಿ ಸಮುದ್ರದಲ್ಲಿ ಮನುಷ್ಯರೂ ಸರಕಾಗಿ ಬಂದರು. ವ್ಯಾಪಾರದ ಚರಿತ್ರೆ ಹೇಳುವಾಗ ಈ ಲೆಕ್ಕವನ್ನು ಮುಚ್ಚಿಡುವುದು ಸರಿಯಲ್ಲ. ಹೀಗೆ ಬಂದವರಲ್ಲಿ ಕೆಲವರು ದಖ್ಖನಿನ ಸುಲ್ತಾನರ ಸೈನ್ಯ ಸೇರಿ, ಬಿಡುಗಡೆ ಪಡೆದು, ಸರದಾರರಾಗಿ, ಮಂತ್ರಿಗಳಾಗಿ ಬೆಳೆದರು. ಅಹ್ಮದ್‌ನಗರದ ಮಲಿಕ್ ಅಂಬರ್ ಅವರಲ್ಲಿ ಎಲ್ಲರಿಗಿಂತ ಪ್ರಸಿದ್ಧ. ವಿಜಾಪುರದಲ್ಲಂತೂ ಹಬ್ಶಿ ಸರದಾರರದ್ದೇ ಒಂದು ದೊಡ್ಡ ಬಣ ಇತ್ತು.

ಮಸೂದ್ ಖಾನ್ ಅವರ ಮಾವ ಸಿದ್ದಿ ಜೌಹರ್ ಕರ್ನೂಲನ್ನು ಹಿಡಿದಿದ್ದ ಸರದಾರ. 1660ರಲ್ಲಿ ಪನ್ಹಾಳ ಕೋಟೆಯಲ್ಲಿ ಶಿವಾಜಿ ಮಹಾರಾಜರನ್ನು ಮುತ್ತಿಗೆ ಹಾಕಿ ಕೂತವರು ಅವರೇ. ಮಳೆಗಾಲದ ರಾತ್ರಿಯಲ್ಲಿ ಶಿವಾಜಿ ತಪ್ಪಿಸಿಕೊಂಡು ಹೋದರು. ಜೌಹರ್ ಬೇಕೆಂದೇ ಬಿಟ್ಟರು ಎಂದು ವಿಜಾಪುರದ ಸುಲ್ತಾನರಿಗೆ ಅನುಮಾನ ಬಂತು. ಒಂದು ಅನುಮಾನ ಸಾಕು, ಎಲ್ಲ ಕೈಬಿಟ್ಟು ಹೋಗುತ್ತದೆ. ಅಳಿಯ ಅದನ್ನು ಹತ್ತಿರದಿಂದ ಕಂಡವರು.

1662ರ ಸುಮಾರಿಗೆ ಆದವಾನಿ ಮಸೂದ್ ಖಾನ್ ಅವರ ಕೈಗೆ ಬಂತು. ವಿಜಯನಗರದ ಕಾಲದ ಹಳೆಯ ಕೋಟೆ ಅದು. ತಾಳಿಕೋಟೆ ಯುದ್ಧದ ನಂತರ ಆದಿಲ್ ಶಾಹಿಗಳ ಪಾಲಾಗಿತ್ತು. ಇವರಿಗಿಂತ ಮೊದಲು ಬಹಳ ವರ್ಷ ಅಲ್ಲಿ ಅಧಿಕಾರ ನಡೆಸಿದ ಮಲಿಕ್ ರಹಮಾನ್ ಖಾನ್ ಅವರ ಗೋರಿ ಗುಡ್ಡದ ಮೇಲೆಯೇ ಇದೆ. ಮಸೂದ್ ಖಾನ್ ಗುಡ್ಡದ ಕೆಳಗಿನ ಊರನ್ನು ಬೆಳೆಸಿದರು, ಕೋಟೆಯನ್ನು ಭದ್ರ ಮಾಡಿದರು, ಊರ ನಡುವೆ ಜಾಮಿಯಾ ಮಸೀದಿ ಕಟ್ಟಿಸಿದರು. ಗ್ರಂಥಗಳನ್ನೂ ಚಿತ್ರಗಳನ್ನೂ ಪ್ರೀತಿಯಿಂದ ಸಂಗ್ರಹಿಸಿದರು. ಅಪ್ಪ ಅಜ್ಜನ ಆಸ್ತಿ ಎಂದು ಹೇಳಿಕೊಳ್ಳಲು ಈ ನೆಲದಲ್ಲಿ ಒಂದು ಗೇಣು ಜಾಗ ಇಲ್ಲದ ಜನಾಂಗದವರು ಒಂದು ಊರನ್ನೇ ತನ್ನ ಮನೆ ಮಾಡಿಕೊಂಡರು.

ಆದರೆ ಆ ಊರು ಕಾಗದದ ಮೇಲೆ ಅವರದ್ದಾಗಿರಲಿಲ್ಲ. ಜಹಗೀರು ಅಂದರೆ ಮಾಲೀಕತ್ವ ಅಂತ ತಿಳಿದವರಿದ್ದಾರೆ. ಹಾಗಲ್ಲ. ಸುಲ್ತಾನರು ಒಂದು ಸೀಮೆಯ ಕಂದಾಯ ವಸೂಲಿ ಮಾಡಿಕೊಳ್ಳಲು ಕೊಡುವ ಅಧಿಕಾರ ಅಷ್ಟೇ ಅದು. ಅದರಿಂದ ಸೈನ್ಯ ಸಾಕಬೇಕು, ಕರೆದಾಗ ಹೋಗಬೇಕು. ಕೊಟ್ಟವರು ಯಾವಾಗ ಬೇಕಾದರೂ ಹಿಂದೆ ತಗೊಳ್ಳಬಹುದು. ದಕ್ಷಿಣ ಕನ್ನಡದವರಿಗೆ ಮೂಲಗೇಣಿ, ಚಾಲಗೇಣಿ ಅಂದರೆ ಬೇಗ ಅರ್ಥವಾದೀತು. ಮೂಲಗೇಣಿದಾರನನ್ನು ಸುಲಭದಲ್ಲಿ ಎಬ್ಬಿಸಲಿಕ್ಕೆ ಆಗುತ್ತಿರಲಿಲ್ಲ. ಚಾಲಗೇಣಿಯವನು ತೆಂಗು ನೆಟ್ಟು ಬಾವಿ ತೋಡಿದರೂ ಧಣಿ ಏಳು ಅಂದರೆ ಏಳಬೇಕಿತ್ತು. ಜಹಗೀರು ಎಷ್ಟೇ ದೊಡ್ಡದಾದರೂ ಚಾಲಗೇಣಿಯ ಜಾತಿಗೆ ಸೇರಿದ್ದು.

ಈಗ ಮಂತ್ರಾಲಯದ ಕಥೆ. ಮಠದ ಪರಂಪರೆ ಹೇಳುವುದು ಹೀಗೆ. ವೆಂಕಣ್ಣ ಎಂಬ ಅನಾಥ ಹುಡುಗ ದನ ಕಾಯುತ್ತಿದ್ದ. ದಾರಿಯಲ್ಲಿ ಬಂದ ನವಾಬರು ತಮಗೆ ಬಂದ ಪತ್ರ ಓದು ಅಂದರು. ಅಕ್ಷರ ಬಾರದ ಹುಡುಗ ಗುರುಗಳನ್ನು ನೆನೆದು ಓದಿಯೇ ಬಿಟ್ಟ, ಮುಂದೆ ಆದವಾನಿಯ ದಿವಾನನಾದ. ಅವನ ಬಾಯಿಂದ ಸ್ವಾಮಿಗಳ ಬಗ್ಗೆ ಕೇಳಿದ ನವಾಬರು ಪರೀಕ್ಷೆ ಮಾಡೋಣ ಅಂತ ತಟ್ಟೆಯಲ್ಲಿ ಮಾಂಸ ಇಟ್ಟು ಬಟ್ಟೆ ಮುಚ್ಚಿ ಕಾಣಿಕೆ ಕಳಿಸಿದರು. ಸ್ವಾಮಿಗಳು ನೀರು ಪ್ರೋಕ್ಷಿಸಿ ಬಟ್ಟೆ ತೆಗೆಸಿದಾಗ ಅಲ್ಲಿ ಹಣ್ಣು ಹೂ ಇತ್ತು. ನವಾಬರು ನಾಚಿ ಕ್ಷಮೆ ಕೇಳಿ, ಬೇಕಾದ ಊರು ಕೇಳಿ ಅಂದರು. ಸ್ವಾಮಿಗಳು ತುಂಗಭದ್ರೆಯ ದಡದ ಮಂಚಾಲೆ ಕೇಳಿದರು. ಅದು ಒಣ ಊರು, ಇದಕ್ಕಿಂತ ಒಳ್ಳೆಯದು ಕೊಡುತ್ತೇನೆ ಅಂದರೂ ಒಪ್ಪಲಿಲ್ಲ.

ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಹಬ್ಶಿ ಮುಸ್ಲಿಮ್ ಅಧಿಕಾರಿಯೊಬ್ಬರು ಮಾಧ್ವ ಯತಿಗಳಿಗೆ ಊರು ಬಿಟ್ಟುಕೊಟ್ಟರು ಎಂಬುದನ್ನು ಸ್ವತಃ ಮಠವೇ ನೆನಪಿಟ್ಟುಕೊಂಡು ಬಂದಿದೆ. 1671ರಲ್ಲಿ ಸ್ವಾಮಿಗಳು ಅಲ್ಲೇ ಬೃಂದಾವನಸ್ಥರಾದರು, ಮಂಚಾಲೆ ಮಂತ್ರಾಲಯವಾಯಿತು. ಕೊಟ್ಟದ್ದು ಇನಾಮು ಜಮೀನು, ಧರ್ಮಕಾರ್ಯಕ್ಕೆ ಶಾಶ್ವತವಾಗಿ ಬಿಟ್ಟದ್ದು. ಮೊಗಲರು ಬಂದರು, ನಿಜಾಮರು ಬಂದರು, ಟಿಪ್ಪು ಸುಲ್ತಾನರು 1786ರಲ್ಲಿ ಆದವಾನಿ ಗೆದ್ದರು, 1800ರಲ್ಲಿ ಸೀಮೆ ಕಂಪೆನಿಯ ಪಾಲಾಯಿತು. ಕಂಪೆನಿ ಹಳೆಯ ಇನಾಮುಗಳ ತಪಾಸಣೆ ಶುರು ಮಾಡಿದಾಗ ಕಲೆಕ್ಟರ್ ಥಾಮಸ್ ಮನ್ರೋ ಮಂತ್ರಾಲಯಕ್ಕೆ ಬಂದದ್ದು, ಬೃಂದಾವನದ ಎದುರು ಯಾರಿಗೂ ಕಾಣದ ಸ್ವಾಮಿಗಳ ಜೊತೆ ಮಾತಾಡಿದ್ದು, ಇನಾಮು ಉಳಿಸಿದ್ದು ಇನ್ನೊಂದು ಕಥೆ. ಒಟ್ಟಿನಲ್ಲಿ ಮಸೂದ್ ಖಾನ್ ಬೇರೆಯವರಿಗೆ ಕೊಟ್ಟ ಜಾಗ ಉಳಿಯಿತು.

ಅವರದ್ದೇ ಜಾಗದ ವಿಷಯಕ್ಕೆ ಬರುವ ಮೊದಲು ವಿಜಾಪುರದ ಐದಾರು ವರ್ಷ ಹೇಳಲೇಬೇಕು. 1672ರಲ್ಲಿ ಎರಡನೇ ಅಲಿ ಆದಿಲ್ ಶಾ ತೀರಿಕೊಂಡಾಗ ಮಗ ಸಿಕಂದರ್ ಇನ್ನೂ ನಾಲ್ಕೈದು ವರ್ಷದ ಹುಡುಗ. ಹಬ್ಶಿ ಬಣದ ಖವಾಸ್ ಖಾನ್ ಆಡಳಿತ ಹಿಡಿದರು. ಅವರನ್ನು ಅಫ್ಘಾನ್ ಬಣದ ಬಹಲೋಲ್ ಖಾನ್ ಉರುಳಿಸಿ ಕೊಲ್ಲಿಸಿದರು. 1677ರ ಕೊನೆಗೆ ಬಹಲೋಲ್ ಖಾನ್ ಕೂಡ ತೀರಿಕೊಂಡರು. ಖಜಾನೆ ಖಾಲಿ, ಸೈನಿಕರ ಸಂಬಳ ಬಾಕಿ. ಇಂಥಾ ಹೊತ್ತಲ್ಲಿ ಎಲ್ಲರ ಕಣ್ಣು ಬಿದ್ದದ್ದು ಕೈಯಲ್ಲಿ ಹಣ ಇದ್ದ ಆದವಾನಿಯ ಮಸೂದ್ ಖಾನ್ ಮೇಲೆ. ಸಾಲದಲ್ಲಿ ಮುಳುಗಿದ ಅಂಗಡಿಗೆ ದುಡ್ಡಿರುವ ಪಾಲುದಾರನನ್ನು ಹುಡುಕುವ ಹಾಗೆ. ಬಾಕಿ ತೀರಿಸುವ ಮಾತಿನ ಮೇಲೆ 1678ರಲ್ಲಿ ಅವರು ವಿಜಾಪುರದ ರೀಜೆಂಟ್ ಆದರು.

ಅದು ಅವರ ಬದುಕಿನ ಕೆಟ್ಟ ವ್ಯಾಪಾರ. ಬಾಕಿ ತೀರಲಿಲ್ಲ, ಅಫ್ಘಾನ್ ಸೈನಿಕರ ಗಲಾಟೆ ನಿಲ್ಲಲಿಲ್ಲ. ಮೊಗಲರ ಒತ್ತಡಕ್ಕೆ ಮಣಿದು 1679ರಲ್ಲಿ ಹುಡುಗ ಸುಲ್ತಾನನ ಅಕ್ಕ ಶಹರ್ ಬಾನುವನ್ನು ಔರಂಗಜೇಬರ ಮಗನಿಗೆ ಮದುವೆ ಮಾಡಿಕೊಡಲು ಕಳಿಸಬೇಕಾಯಿತು. ಊರು ಅತ್ತು ಕಳಿಸಿತು. ಇಷ್ಟು ಮಾಡಿದರೂ ಅದೇ ವರ್ಷ ದಿಲೇರ್ ಖಾನ್ ವಿಜಾಪುರಕ್ಕೆ ಮುತ್ತಿಗೆ ಹಾಕಿದರು. ಆಗ ಮಸೂದ್ ಖಾನ್ ನೆರವು ಕೇಳಿದ್ದು ಯಾರ ಹತ್ತಿರ ಗೊತ್ತಾ? ತನ್ನ ಮಾವ ಮುತ್ತಿಗೆ ಹಾಕಿದ್ದ ಅದೇ ಶಿವಾಜಿ ಮಹಾರಾಜರ ಹತ್ತಿರ. ಮರಾಠರು ಬಂದರು, ಮೊಗಲರು ಮುತ್ತಿಗೆ ತೆಗೆದರು. ಹಿಂದೂ ಮುಸ್ಲಿಮ್ ಯುದ್ಧ ಅಂತ ಈ ಕಾಲದ ಚರಿತ್ರೆಯನ್ನು ಹೇಳುವವರು ಈ ಪುಟವನ್ನು ಮಗುಚಿ ಬಿಡುತ್ತಾರೆ. 1683ರಲ್ಲಿ ಸಾಕಾಗಿ ಅಧಿಕಾರ ಬಿಟ್ಟು ಅವರು ಆದವಾನಿಗೆ ವಾಪಸ್ ಬಂದರು. 1686ರಲ್ಲಿ ವಿಜಾಪುರ ಬಿತ್ತು, ಮರುವರ್ಷ ಗೋಲ್ಕೊಂಡ.

1688ರಲ್ಲಿ ಔರಂಗಜೇಬರ ಸೇನಾಪತಿ ಫಿರೋಜ್ ಜಂಗ್ ಆದವಾನಿಗೆ ಬಂದರು. ಮುದುಕ ಮಸೂದ್ ಖಾನ್ ಬಾಗಿಲು ತೆರೆಯಲಿಲ್ಲ. ಗುಡ್ಡದ ಮೇಲಿನ ಕೋಟೆಯನ್ನು ಹತ್ತಿ ಗೆಲ್ಲುವುದು ಸುಲಭವಾಗಿರಲಿಲ್ಲ. ಆಮೇಲೆ ನಡೆದದ್ದನ್ನು ಆ ಊರಿನವರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದಾರೆ, ಬಳ್ಳಾರಿಯ ಹಳೆಯ ಗೆಜೆಟಿಯರಿನಲ್ಲೂ ಇದೆ. ಈ ಮನುಷ್ಯನಿಗೆ ಕೋಟೆಗಿಂತ ತಾನು ಕಟ್ಟಿಸಿದ ಮಸೀದಿ ಮೇಲೆ ಪ್ರೀತಿ ಜಾಸ್ತಿ ಅಂತ ಮೊಗಲರಿಗೆ ಗೊತ್ತಾಯಿತು. ಫಿರಂಗಿಗಳನ್ನು ಕೋಟೆಯ ಬದಲು ಜಾಮಿಯಾ ಮಸೀದಿಗೆ ಗುರಿಯಿಟ್ಟು ನಿಲ್ಲಿಸಿದರು. ಮೇಲಿಂದ ಅದನ್ನು ಕಂಡ ಮಸೂದ್ ಖಾನ್ ಕೋಟೆ ಒಪ್ಪಿಸಿಬಿಟ್ಟರು.

ಸೋತವರಿಗೆ ಮೊಗಲರು ದೊಡ್ಡ ಮನ್ಸಬ್ ಕೊಟ್ಟರು. ಗೌರವಕ್ಕೆ ಕಮ್ಮಿ ಮಾಡಲಿಲ್ಲ. ಆದರೆ ಊರು ಹೋಯಿತು. ಹೆಸರು ಕೂಡ ಹೋಯಿತು, ಆದವಾನಿ ಇಮ್ತಿಯಾಜ್‌ಗಢವಾಯಿತು. ಸಂಗ್ರಹದ ಗ್ರಂಥ, ಚಿತ್ರಗಳು ಮೊಗಲ್ ಸರದಾರರ ಪಾಲಾದವು. ಅವುಗಳಲ್ಲಿ ಕೆಲವು, ಮುಂದೆ ಆದವಾನಿಯಲ್ಲಿ ಅಧಿಕಾರದಲ್ಲಿದ್ದು ಅಲ್ಲೇ ತೀರಿಕೊಂಡ ಬಿಕಾನೇರಿನ ಮಹಾರಾಜ ಅನೂಪ್ ಸಿಂಗ್ ಅವರ ಮೂಲಕ ರಾಜಸ್ತಾನ ಸೇರಿದವು. ಮಲಿಕ್ ಅಂಬರ್ ಅವರಿಗೂ ಹೀಗೇ ಆಗಿತ್ತು. ಅವರು 1610ರಲ್ಲಿ ಖಡ್ಕಿ ಎಂಬ ಊರು ಕಟ್ಟಿ ನೆಲದಡಿಯ ಕಾಲುವೆಯಲ್ಲಿ ನೀರು ತಂದರು. ಆ ಊರಿಗೆ ಮುಂದೆ ಔರಂಗಾಬಾದ್ ಎಂದು ಹೆಸರಾಯಿತು.

ಆದವಾನಿ ಹಿಡಿದ ಫಿರೋಜ್ ಜಂಗ್ ಅವರ ಮಗನೇ ಹೈದರಾಬಾದಿನ ಮೊದಲ ನಿಜಾಮ. ಅದೇ ನಿಜಾಮರ ಮನೆತನವನ್ನು ಮುಂದೆ ಕಾವಲು ಕಾದವರಲ್ಲಿ ಆಫ್ರಿಕಾ ಮೂಲದ ಸಿದ್ದಿಗಳೂ ಇದ್ದರು. ವನಪರ್ತಿಯ ರಾಜರ ಬಳಿಯಿದ್ದ ಸಿದ್ದಿ ಪಡೆ ನಿಜಾಮರ ಪಾಲಿಗೆ ಬಂದು ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್ ಆಯಿತು. ಅವರಿಗೆ ಮಾಸಾಬ್ ಟ್ಯಾಂಕ್ ಹತ್ತಿರ ವಸತಿ ಕೊಟ್ಟರು. ಆಗ ಅದು ಊರ ಹೊರಗಿನ ಜಾಗ. ಇಂದಿಗೂ ಆ ಬಡಾವಣೆಯ ಹೆಸರು ಎ.ಸಿ. ಗಾರ್ಡ್ಸ್, ಒಳಗಿನ ಕೇರಿ ಸಿದ್ದಿ ರಿಸಾಲ. ಏಸಿ ಅಂದರೆ ಹವಾನಿಯಂತ್ರಣ ಅಂತ ತಿಳಿದು ಆಟೊ ಹತ್ತುವವರೂ ಇದ್ದಾರೆ!

1948ರ ಪೊಲೀಸ್ ಕಾರ್ಯಾಚರಣೆಯಲ್ಲಿ ನಿಜಾಮರ ರಾಜ್ಯ ಮುಗಿಯಿತು, 1951ರಲ್ಲಿ ಪಡೆಯನ್ನು ವಿಸರ್ಜಿಸಿದರು. ಕುದುರೆ ಹೋಯಿತು, ಸಂಬಳ ಹೋಯಿತು, ಉಳಿದದ್ದು ಸಿಪಾಯಿಗಳ ಸಣ್ಣ ಮನೆಗಳು. ಒಬ್ಬ ಸಿಪಾಯಿಗೆ ಅಂತ ಕಟ್ಟಿದ ಮನೆ ಮಕ್ಕಳಿಗೆ, ಮೊಮ್ಮಕ್ಕಳಿಗೆ ಪಾಲಾಗುತ್ತಾ ಹೋದರೆ ಕೊನೆಗೆ ಒಬ್ಬೊಬ್ಬರಿಗೆ ಒಂದು ಕೋಣೆ. ಅಷ್ಟರಲ್ಲಿ ಹೈದರಾಬಾದ್ ಬೆಳೆದು ಊರ ಹೊರಗಿನ ಜಾಗ ನಗರದ ನಡುವಾಯಿತು. ಸುತ್ತ ಆಸ್ಪತ್ರೆ, ಆಫೀಸು, ಅಪಾರ್ಟ್‌ಮೆಂಟು. ಜಾಗದ ಬೆಲೆ ಏರಿದರೆ ಇರುವವನಿಗೆ ಲಾಭ ಅಂತ ಹೊರಗಿನವರು ಲೆಕ್ಕ ಹಾಕುತ್ತಾರೆ. ಹತ್ತು ಪಾಲುದಾರರ ಸಣ್ಣ ಮನೆ ಮಾರಿ ಬಂದ ಹಣದಲ್ಲಿ ಒಬ್ಬೊಬ್ಬರ ಕೈಗೆ ಸಿಗುವುದೆಷ್ಟು? ಆ ದುಡ್ಡಿಗೆ ಅದೇ ಕೇರಿಯಲ್ಲಿ ಇನ್ನೊಂದು ಮನೆ ಬರುವುದಿಲ್ಲ. ಮಾರಿದವನು ದೂರ ಹೋಗಬೇಕು, ಮಾರದವನು ಇಕ್ಕಟ್ಟಿನಲ್ಲೇ ಇರಬೇಕು, ಬಾಡಿಗೆಗೆ ಇರುವವನಿಗೆ ಎರಡೂ ಇಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕರಿಯ ಜನ ಹೆಸರು ತಂದುಕೊಟ್ಟ ಬೀದಿಗಳಲ್ಲಿ ಈಗ ಬಾಡಿಗೆ ಕಟ್ಟಲಾಗದೆ ಅವರೇ ಜಾಗ ಬಿಡುತ್ತಿರುವುದೂ ಇದೇ ಲೆಕ್ಕ. ಹೈದರಾಬಾದಿನ ಮದುವೆಗಳಲ್ಲಿ ಸಿದ್ದಿಗಳ ಮರ್ಫಾ ವಾದ್ಯ ಎಲ್ಲರಿಗೂ ಬೇಕು. ಬಾರಿಸುವವನ ಮನೆ ಎಲ್ಲಿ ಅಂತ ಯಾರೂ ಕೇಳುವುದಿಲ್ಲ.

ಆದವಾನಿಯಲ್ಲಿ ಈಗ ಹತ್ತಿ ಮಾರುಕಟ್ಟೆಯ ಗದ್ದಲ. ಆಲೂರು ಕಡೆಯ ರೈತರೂ ಮಾಲು ತಗೊಂಡು ಬರುತ್ತಾರೆ. ಗುಡ್ಡದ ಮೇಲಿನ ಕೋಟೆ ಪಾಳು ಬಿದ್ದಿದೆ, ಕಲ್ಲುಗಳ ನಡುವೆ ಆಡು ಮೇಯುತ್ತವೆ. ಕೆಳಗೆ ಮಸೂದ್ ಖಾನ್ ಅವರ ಜಾಮಿಯಾ ಮಸೀದಿಯಲ್ಲಿ ಬಾಂಗ್ ಆಗುತ್ತದೆ, ಜುಮಾ ದಿನ ಅಂಗಳ ತುಂಬುತ್ತದೆ.