ಬಾರ್ಬರಾ ಮೆಕ್ಲಿಂಟಾಕ್: ಮುಸುಕಿನ ಜೋಳದ ಚುಕ್ಕೆಗಳನ್ನು ಓದಿದ ವಿಜ್ಞಾನಿ

ಮುಸುಕಿನ ಜೋಳದ (ಉತ್ತರ ಕರ್ನಾಟಕದವರಿಗೆ ಇದು ಗೋವಿನಜೋಳ) ಕೆಲವು ತೆನೆಗಳಲ್ಲಿ ಕಾಳುಗಳ ಮೇಲೆ ನೇರಳೆ ಚುಕ್ಕೆಗಳು ಚದುರಿರುವುದನ್ನು ನೀವು ಕಂಡಿರಬಹುದು. ಆ ಚುಕ್ಕೆಗಳ ಮೂಲವನ್ನು ಅರಸಿದವರು ಅಮೆರಿಕದ ಬಾರ್ಬರಾ ಮೆಕ್ಲಿಂಟಾಕ್.

1902ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ಜನಿಸಿದ ಅವರು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ಡಾಕ್ಟರೇಟ್ ಪಡೆದರು. ಈ ಬೆಳೆಯ 10 ಜೊತೆ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಗುರುತಿಸಿದರು. 1941ರಿಂದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯವೇ ಅವರ ಕಾರ್ಯಕ್ಷೇತ್ರವಾಯಿತು.

ಅಲ್ಲಿ ಅವರು 9ನೆಯ ವರ್ಣತಂತು ಮುರಿದ ಸಸಿಗಳನ್ನು ಬೆಳೆಸಿದರು. ಮುರಿದ ತುದಿಗಳು ಬೆಸೆದುಕೊಂಡು, ಕೋಶ ವಿಭಜನೆಯಲ್ಲಿ ಮತ್ತೆ ಮುರಿಯುತ್ತಿದ್ದವು. ಇಂತಹ ಆಘಾತಕ್ಕೊಳಗಾದ ಗಿಡಗಳ ಸಂತತಿಯಲ್ಲಿ ವಿಚಿತ್ರ ಚುಕ್ಕೆಗಳು ಮೂಡಿದವು. ವಂಶವಾಹಿ ದ್ರವ್ಯದ ತುಣುಕೊಂದು ತನ್ನ ಸ್ಥಾನದಿಂದ ಜಿಗಿದು ಬಣ್ಣದ ವಂಶವಾಹಿಯೊಳಗೆ ಸೇರಿದರೆ ಕಾಳು ಬಣ್ಣಗೆಡುತ್ತದೆ. ಕಾಳು ಬೆಳೆಯುವಾಗ ಅದು ಹೊರನಡೆದರೆ ಆ ಕೋಶದ ಸಂತತಿಯಷ್ಟೇ ಬಣ್ಣ ಪಡೆಯುತ್ತದೆ. ಬೇಗ ಹೊರನಡೆದರೆ ದೊಡ್ಡ ಚುಕ್ಕೆ, ತಡವಾದರೆ ಸಣ್ಣದು.

1951ರಲ್ಲಿ ಇದನ್ನು ವಿದ್ವತ್ಸಭೆಯ ಮುಂದಿಟ್ಟಾಗ ಹೆಚ್ಚಿನವರು ಒಪ್ಪಲಿಲ್ಲ. ಕೆಲವು ವರ್ಷಗಳಲ್ಲಿ ಅವರು ಈ ವಿಷಯವನ್ನು ಪ್ರಮುಖ ಪತ್ರಿಕೆಗಳಲ್ಲಿ ಪ್ರಕಟಿಸುವುದನ್ನೇ ಬಿಟ್ಟರು. ಹೊಲದ ಕೆಲಸವನ್ನು ಬಿಡಲಿಲ್ಲ. ಬ್ಯಾಕ್ಟೀರಿಯಾಗಳಲ್ಲೂ ಜಿಗಿಯುವ ತುಣುಕುಗಳು ದೊರೆತ ಬಳಿಕ ಜಗತ್ತು ಹಿಂದಿರುಗಿ ನೋಡಿತು. 1983ರಲ್ಲಿ, 81ರ ವಯಸ್ಸಿನಲ್ಲಿ, ಅವರೊಬ್ಬರಿಗೇ ವೈದ್ಯವಿಜ್ಞಾನದ ನೊಬೆಲ್ ಸಂದಿತು. ಅನಿರೀಕ್ಷಿತ ಆಘಾತವನ್ನು ಸಸ್ಯದ ವಂಶವಾಹಿ ಸಮೂಹವು ಗ್ರಹಿಸಿ ತನ್ನನ್ನೇ ಮರುಜೋಡಿಸಿಕೊಳ್ಳಬಲ್ಲದೆಂಬುದು ಅವರ ನೊಬೆಲ್ ಉಪನ್ಯಾಸದ ತಿರುಳು.

ನಮ್ಮ ದೃಷ್ಟಿಯಲ್ಲಿ ಅವರ ಅತ್ಯಂತ ಬೆಲೆಯುಳ್ಳ ವಿಚಾರ ಇದೇ. ಮುಸುಕಿನ ಜೋಳದ ವಂಶವಾಹಿ ದ್ರವ್ಯದಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಇಂತಹ ತುಣುಕುಗಳದ್ದೇ. ಶೀತ, ತಾಪ, ಲವಣದ ಒತ್ತಡದಲ್ಲಿ ಕೆಲವು ತುಣುಕುಗಳು ನೆರೆಯ ವಂಶವಾಹಿಗಳನ್ನು ಚುರುಕುಗೊಳಿಸುತ್ತವೆ. ಒಂದು ವಂಶವಾಹಿಯ ಮುಂದೆ ಕುಳಿತ ತುಣುಕು ಸಸಿಯ ಬರ ಸಹಿಷ್ಣುತೆಯನ್ನು ತಗ್ಗಿಸುವುದೂ 2015ರಲ್ಲಿ ವರದಿಯಾಯಿತು.

ಬರ ಮತ್ತು ತಾಪ ಒಟ್ಟಿಗೆ ಬಂದಾಗ ಸಮಸ್ಯೆ ಜಟಿಲವಾಗುತ್ತದೆ. ತಾಪ ಮಾತ್ರವಿದ್ದರೆ ಎಲೆ ಪತ್ರರಂಧ್ರ ತೆರೆದು ತಂಪಾಗುತ್ತದೆ. ನೀರಿಲ್ಲದಿದ್ದರೆ ಮುಚ್ಚಲೇಬೇಕು, ಆಗ ಎಲೆ ಇನ್ನಷ್ಟು ಕಾಯುತ್ತದೆ. ಆಗ ಕೆಲಸಮಾಡುವ ವಂಶವಾಹಿಗಳ ಗುಂಪು ಎರಡೂ ಒತ್ತಡಗಳ ಬರಿಯ ಮೊತ್ತವಲ್ಲ. ಆದುದರಿಂದ ವಿಸ್ತರಣಾ ಕಾರ್ಯಕರ್ತರು ಬರ ಸಹಿಷ್ಣುವೆಂದಷ್ಟೇ ಹೆಸರಾದ ತಳಿಯನ್ನು ಸುಡುಬೇಸಿಗೆಗೆ ಶಿಫಾರಸು ಮಾಡುವ ಮುನ್ನ ಎರಡೂ ಒತ್ತಡಗಳಲ್ಲಿ ಅದರ ಸಾಧನೆಯನ್ನು ವಿಚಾರಿಸಬೇಕು. ಸೂಲಂಗಿ ಹೊರಟು ತೆನೆಯ ಕೂದಲು ಕಾಣುವ ದಿನಗಳಲ್ಲಿ ನೀರು ತಪ್ಪದಂತೆ ನೀವು ನೋಡಿಕೊಳ್ಳಿರಿ.

ಮೆಕ್ಲಿಂಟಾಕ್ 1992ರ ಸೆಪ್ಟೆಂಬರ್ 2ರಂದು, 90ರ ವಯಸ್ಸಿನಲ್ಲಿ ನಿಧನರಾದರು.